ತಟ್ಟೆಯ ದನಿ, ಗುರುವಿನ ಮನೆ

ಗದಗ ಸೀಮೆಯ ಸಂಗೀತದ ಮಾತು ಬಂದರೆ ಒಂದು ಗ್ರಾಮಫೋನ್ ತಟ್ಟೆಯ ಕತೆ ಬಂದೇ ಬರುತ್ತದೆ. ಗುರುರಾಜ ಜೋಶಿ ಮಾಸ್ತರರ ಮಗ ಭೀಮಸೇನ ಹುಡುಗನಾಗಿದ್ದಾಗ ಉಸ್ತಾದ್ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮ್ರಿಯನ್ನು ತಟ್ಟೆಯಲ್ಲಿ ಕೇಳಿದ; ಹಾಡಿದರೆ ಹೀಗೆ ಹಾಡಬೇಕು ಎನ್ನುವ ಹಂಬಲ ಹತ್ತಿತು. 1933ರಲ್ಲಿ, ಹನ್ನೊಂದರ ಪ್ರಾಯದಲ್ಲಿ, ಗುರುವನ್ನು ಅರಸಿ ಮನೆ ಬಿಟ್ಟು ಹೊರಟ. ಈ ಕತೆಯನ್ನು ನಾವು ಪವಾಡದಂತೆ ಹೇಳುತ್ತ ಬಂದಿದ್ದೇವೆ. ಆದರೆ ಆ ತಟ್ಟೆ ಕೊಟ್ಟದ್ದೇನು, ಕೊಡಲಾಗದೆ ಹೋದದ್ದೇನು ಎಂದು ತೂಗಿ ನೋಡದಿದ್ದರೆ ಖಾನರ ಗಾಯನ ಮನೆತನವಾದ, ನಮ್ಮದೂ ಆದ ಕಿರಾನಾ ಪರಂಪರೆಯ ಬೆಲೆ ತಿಳಿಯುವುದಿಲ್ಲ.

ಆ ಕಾಲದ 78 ಸುತ್ತಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷದ ಹಾಡು. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಅಷ್ಟರಲ್ಲಿ ಮೂಡಿಸಬೇಕಿತ್ತು. ಮೊದಮೊದಲು ಗಾಯಕರು ಮುದ್ರಣ ಯಂತ್ರದ ದೊಡ್ಡ ಕಹಳೆಯೊಳಗೆ ಬಾಯಿ ಹಾಕಿ ಗಟ್ಟಿಯಾಗಿ ಹಾಡಬೇಕಿತ್ತು. ಮೆಲುದನಿ ಮೇಣದ ಮೇಲೆ ಮೂಡುತ್ತಿರಲಿಲ್ಲ. 1925ರ ಹೊತ್ತಿಗೆ ವಿದ್ಯುತ್ ಮುದ್ರಣ ಬಂತು. ಮೈಕು ಉಸಿರಿನ ಎಳೆಯನ್ನೂ ಹಿಡಿಯತೊಡಗಿತು. ಖಾನ್‌ಸಾಹೇಬರು ಎರಡೂ ಕಾಲದಲ್ಲಿ ಮುದ್ರಣಕ್ಕೆ ಹಾಡಿದವರು. ಅವರದು ಅಬ್ಬರದ ಕಂಠವಲ್ಲ. ಸಣ್ಣಗೆ, ಮೊನೆಯಾಗಿ, ಸ್ವರದ ನಡುವಿಗೇ ಹೋಗಿ ನಿಲ್ಲುವಂಥದು. ಅಂಥ ಕಂಠಕ್ಕೆ ಮೈಕು ತಕ್ಕ ಜೊತೆಯಾಯಿತು. ದೂರದ ದರ್ಬಾರಿನಲ್ಲಿ ಕೆಲವರಷ್ಟೇ ಕೇಳುತ್ತಿದ್ದ ದನಿ ಪೇಟೆಯ ಅಂಗಡಿಯ ಮುಂದೆ ನಿಂತ ಹುಡುಗನಿಗೂ ದಕ್ಕಿತು. ಟಿಕೇಟಿಲ್ಲದೆ, ಜಾತಿ ಕೇಳದೆ, ಪರಿಚಯದ ಚೀಟಿಯಿಲ್ಲದೆ ದಕ್ಕಿತು. ತಟ್ಟೆಯ ಮೊದಲ ಉಪಕಾರ ಇದು.

ಆದರೆ ಬೀಜ ಬಿದ್ದ ನೆಲ ಬರಡಾಗಿರಲಿಲ್ಲ. ಉತ್ತರದ ಕೈರಾನಾದಲ್ಲಿ ಹುಟ್ಟಿ ಮೀರಜಿನಲ್ಲಿ ನೆಲೆಸಿದ ಖಾನ್‌ಸಾಹೇಬರು ಮೈಸೂರು ಅರಮನೆಗೆ ಹೋಗಿಬರುವ ದಾರಿ ನಮ್ಮ ಸೀಮೆಯ ಮೇಲೆಯೇ ಇತ್ತು. ಧಾರವಾಡದಲ್ಲಿ ಗಾಯಕಿ ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿಯವರ ಕರ್ನಾಟಕ ಸಂಗೀತವನ್ನು ಅವರು ಕೂತು ಕೇಳಿದ್ದರು. ತ್ಯಾಗರಾಜರ ಕೃತಿಯನ್ನು ತಾವೇ ಹಾಡಿ ಮುದ್ರಿಸಿದರು. ಕುಂದಗೋಳದ ರಾಮಭಾವು ಅವರ ಶಿಷ್ಯರಾಗಿ ಸವಾಯಿ ಗಂಧರ್ವರೆನಿಸಿದರು. ಗದಗಿನ ಪಕ್ಕದ ಕುರ್ತಕೋಟಿಯ ಚೆನ್ನಪ್ಪನವರು ಬಾಲಕ ಭೀಮಸೇನನಿಗೆ ಮೊದಲ ಪಾಠ ಹೇಳಿದ್ದರು. ಹಿಂದೂ ಮುಸ್ಲಿಮರಿಬ್ಬರೂ ಶಿರಹಟ್ಟಿಯ ಫಕೀರೇಶ್ವರನಿಗೆ ನಡೆದುಕೊಳ್ಳುವ ಈ ನಾಡಿಗೆ ಉಸ್ತಾದರ ದನಿ ಹೊರಗಿನದೆಂದು ಅನ್ನಿಸಲೇ ಇಲ್ಲ. ತಟ್ಟೆ ಬರುವ ಮುಂಚೆಯೇ ಕಿವಿ ಹದಗೊಂಡಿತ್ತು.

ಈ ಪರಂಪರೆಯ ಮೇಲಿನ ಆಕ್ಷೇಪಗಳನ್ನು ತಳ್ಳಿಹಾಕುವಂತಿಲ್ಲ. ಕಿರಾನಾದವರು ಸ್ವರದ ಮೋಹದಲ್ಲಿ ಸಾಹಿತ್ಯವನ್ನು ಮಸುಕು ಮಾಡುತ್ತಾರೆ, ಲಯದ ಆಟಕ್ಕೆ ಎರಡನೆಯ ಜಾಗ ಕೊಡುತ್ತಾರೆ, ಹತ್ತಾರು ರಾಗಗಳಲ್ಲೇ ಸುತ್ತುತ್ತಾರೆ ಎಂಬ ಮಾತುಗಳಲ್ಲಿ ಹುರುಳಿದೆ. ತಟ್ಟೆ ಈ ದೋಷಗಳನ್ನು ಹೆಚ್ಚಿಸಿತು ಎಂದೇ ನನ್ನ ತಿಳಿವು. ಮೂರು ನಿಮಿಷದಲ್ಲಿ ಸಿಕ್ಕುವುದು ರಾಗದ ಪರಿಮಳ, ಬೆಳೆಸುವ ಬಗೆಯಲ್ಲ. ತಟ್ಟೆಯನ್ನೇ ಗುರುವೆಂದು ನಂಬಿದವರು ಉಸ್ತಾದರ ಕಂಪನವನ್ನೂ ಮೂಗುದನಿಯನ್ನೂ ಎತ್ತಿಕೊಂಡರೇ ಹೊರತು ಅವರ ಧ್ಯಾನವನ್ನಲ್ಲ.

ಭೀಮಸೇನರು ಹಾಗಾಗಲಿಲ್ಲ. ತಟ್ಟೆ ಹಚ್ಚಿದ ಹಸಿವನ್ನು ತಟ್ಟೆಯಿಂದಲೇ ತಣಿಸಲು ಹೋಗದೆ ಊರೂರು ಅಲೆದರು. 1936ರಲ್ಲಿ ಸವಾಯಿ ಗಂಧರ್ವರ ಪಾದ ಸೇರಿ, ಕುಂದಗೋಳದಲ್ಲಿ ಗುರುಮನೆಯ ಚಾಕರಿ ಮಾಡುತ್ತ ವರ್ಷಗಟ್ಟಲೆ ಸ್ವರ ತೀಡಿದರು. 1940ರ ದಶಕದ ಆರಂಭದಲ್ಲಿ ಅವರದೇ ಮೊದಲ ಧ್ವನಿಮುದ್ರಿಕೆಯನ್ನು ಎಚ್‌ಎಂವಿ ಕಂಪನಿ ತಂದಿತು. ಅದರಲ್ಲಿ ಕನ್ನಡದ ಭಕ್ತಿಗೀತೆಗಳೂ ಇದ್ದವು. ತಟ್ಟೆ ಕೇಳಿ ಹೊರಟ ಹುಡುಗ ಹತ್ತು ವರ್ಷದೊಳಗೆ ತಾನೇ ತಟ್ಟೆಯ ದನಿಯಾಗಿದ್ದ. ಆ ದನಿ ಖಾನ್‌ಸಾಹೇಬರದರಂತಿರಲಿಲ್ಲ. ಅವರದು ದಾರದೆಳೆಯಾದರೆ ಇವರದು ಗುಡುಗಿನ ಮೋಡ. ಬೇರೆ ಗಾಯನ ಮನೆತನಗಳ ಕೇಸರಬಾಯಿಯವರಿಂದ, ಅಮೀರ್ ಖಾನರಿಂದ ಬೇಕಾದ್ದನ್ನು ಎತ್ತಿಕೊಂಡು ಕಿರಾನಾ ಮನೆತನದ ಬೇಲಿ ದಾಟಿದರು. ಉಳಿಸಿಕೊಂಡದ್ದು ಒಂದೇ: ಸ್ವರದ ಮೇಲಿನ ನಿಷ್ಠೆ. ಪ್ರಭಾವವೆಂದರೆ ಇದು. ನಕಲು ಮಾಡಿದವರ ತಲೆ ಎಣಿಸಿ ಅದನ್ನು ಅಳೆಯಲಾಗದು.

ಅದೇ ಗದಗಿನಲ್ಲಿ ಬೇರೊಂದು ಬಗೆಯ ಕಿವಿಯ ಶಾಲೆಯೂ ಬೆಳೆಯಿತು. ಹುಟ್ಟು ಕುರುಡರಾದ ಪಂಚಾಕ್ಷರಿ ಗವಾಯಿಗಳು (1892–1944) ಹಾನಗಲ್ಲ ಕುಮಾರಸ್ವಾಮಿಗಳ ಆಸರೆಯಲ್ಲಿ ಕಲಿತು, ನೀಲಕಂಠಬುವಾ ಮತ್ತು ಕಿರಾನಾದ ವಹೀದ್ ಖಾನರಿಂದ ಹಿಂದುಸ್ತಾನಿ ಪಡೆದು, ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಊರೂರು ತಿರುಗುತ್ತ ಪಾಠ ಹೇಳಿದರು. ಆ ಸಂಚಾರಿ ಶಾಲೆಯೇ ವೀರೇಶ್ವರ ಪುಣ್ಯಾಶ್ರಮವಾಗಿ ಗದಗಿನಲ್ಲಿ ನೆಲೆನಿಂತಿತು. ಅವರ ನಂತರ 2010ರವರೆಗೆ ಪುಟ್ಟರಾಜ ಗವಾಯಿಗಳು ಅದನ್ನು ನಡೆಸಿದರು. ಬಸವರಾಜ ರಾಜಗುರು, ಎಂ. ವೆಂಕಟೇಶಕುಮಾರ್ ಈ ಗುರುಗಳ ಕೈಯಲ್ಲಿ ಬೆಳೆದವರು. ಗ್ರಾಮಫೋನಿನಂತೆ ಆಶ್ರಮವೂ ಕಣ್ಣನ್ನು ಬದಿಗಿಟ್ಟು ಕಿವಿಯನ್ನೇ ನಂಬಿತು. ಆದರೆ ತಟ್ಟೆ ಹೇಳಿದ್ದನ್ನೇ ಹೇಳುತ್ತದೆ. ತಪ್ಪಿದ ಸ್ವರವನ್ನು ತಿದ್ದುವುದಿಲ್ಲ. ಗುರು ತಿದ್ದುತ್ತಾನೆ, ಜೊತೆಗೆ ಅನ್ನವನ್ನೂ ಇಕ್ಕುತ್ತಾನೆ.

ಈಗ ಲಕ್ಷ್ಮೇಶ್ವರದ ಹುಡುಗಿಗೂ ಮುಂಡರಗಿಯ ಹುಡುಗನಿಗೂ ಮೊಬೈಲಿನಲ್ಲಿ ಖಾನ್‌ಸಾಹೇಬರ ಅದೇ ಝಿಂಝೋಟಿ ಬೇಕೆಂದಾಗ ಸಿಗುತ್ತದೆ. ಕೇಳುವುದು ಸುಲಭವಾಗಿದೆ, ಕೇಳಿ ಎದ್ದು ಹೊರಟವರಿಗೆ ಕಲಿಯಲು ಜಾಗ ಬೇಕಲ್ಲ? ಆ ಹಾಡನ್ನು ನಿಮ್ಮ ಮನೆಯ ಮಕ್ಕಳಿಗೆ ಒಮ್ಮೆ ಕೇಳಿಸಿ. ಯಾವ ಮಗು ಮತ್ತೊಮ್ಮೆ ಕೇಳಬೇಕು ಎನ್ನುತ್ತದೋ ಅದರ ಕೈ ಹಿಡಿದು ಊರಿನ ಸಂಗೀತದ ಮಾಸ್ತರರ ಬಳಿ ಕರೆದೊಯ್ಯಿರಿ.