ಸಾಕವ್ವ, ಗುಲಾಬಿ, ಪುಟ್ಟಕ್ಕ: ಉಮಾಶ್ರೀಯವರ ಮೂವರು ಹೆಂಗಸರು

ಕಾಡುಗೋಡಿಯ ವಠಾರಗಳಲ್ಲಿ ಸಂಜೆ ಹೊತ್ತು ತೆಲುಗು, ತಮಿಳು, ಹಿಂದಿಯ ನಡುವೆ ಕನ್ನಡ ಕಿವಿಗೆ ಬಿದ್ದರೆ ಅದು ಹಲವು ಸಲ ಧಾರಾವಾಹಿಯ ಕನ್ನಡವಾಗಿರುತ್ತದೆ. 2021ರ ಡಿಸೆಂಬರಿನಲ್ಲಿ ಜೀ ಕನ್ನಡದಲ್ಲಿ ‘ಪುಟ್ಟಕ್ಕನ ಮಕ್ಕಳು’ ಶುರುವಾದ ಮೇಲೆ ಅದಕ್ಕೆ ಉಮಾಶ್ರೀಯವರ ದನಿಯೂ ಸೇರಿತು. ಗಂಡ ಇನ್ನೊಬ್ಬಳ ಪಾಲಾದ ಮೇಲೆ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ಪುಟ್ಟಕ್ಕನ ಕಥೆಯನ್ನು ಇಲ್ಲಿನ ಹೆಂಗಸರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಐಟಿ ಕಂಪನಿಯ ಹುಡುಗರಿಗೆ ಅಡುಗೆ ಮಾಡಿ, ಪಿಜಿಗಳ ನೆಲ ಒರೆಸಿ ಮನೆ ನಡೆಸುವವರು ಅವರಲ್ಲೇ ಇದ್ದಾರೆ.

ಆದರೆ ಪುಟ್ಟಕ್ಕನನ್ನು ಬಲ್ಲ ಎಷ್ಟು ಮಂದಿಗೆ ಸಾಕವ್ವ ಗೊತ್ತು? ಸಾಕವ್ವನನ್ನು ಮೆಚ್ಚಿ ಬರೆದ ಎಷ್ಟು ವಿಮರ್ಶಕರು ಪುಟ್ಟಕ್ಕನನ್ನು ನೋಡಿದ್ದಾರೆ? ಉಮಾಶ್ರೀಯವರ ಬಗ್ಗೆ ಬರೆಯಹೊರಟಾಗ ಈ ಎರಡು ಪ್ರಶ್ನೆಗಳು ನಮ್ಮನ್ನು ತಡೆದು ನಿಲ್ಲಿಸುತ್ತವೆ.

1957ರಲ್ಲಿ ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ ಹುಟ್ಟಿದ ಉಮಾಶ್ರೀ ರಂಗಭೂಮಿಯಲ್ಲಿ ಬೆಳೆದವರು. ದೇವನೂರ ಮಹಾದೇವರ ‘ಒಡಲಾಳ’ವನ್ನು ಸಿ.ಜಿ. ಕೃಷ್ಣಸ್ವಾಮಿ ರಂಗಕ್ಕೆ ತಂದಾಗ ಅವರು ಸಾಕವ್ವನಾದರು. ಕಳೆದುಹೋದ ಹುಂಜವನ್ನು ಹುಡುಕುವ ಮುದುಕಿ, ಕದ್ದು ತಂದ ಕಡಲೆಕಾಯಿಯನ್ನು ಒಟ್ಟಿಗೆ ಕುಳಿತು ತಿಂದು ಮುಗಿಸುವ ಹಸಿದ ಮನೆ, ಆಮೇಲೆ ಬಾಗಿಲಿಗೆ ಬರುವ ಪೊಲೀಸರು. ಸಾಕವ್ವನ ಬೈಗುಳದಲ್ಲಿ ಹಸಿವೂ ಇದೆ, ಸ್ವಾಭಿಮಾನವೂ ಇದೆ. ಎಳೆಯ ವಯಸ್ಸಿನಲ್ಲೇ ಈ ಮುದುಕಿಯನ್ನು ಮೈಮೇಲೆ ತಂದುಕೊಂಡದ್ದು ಸಣ್ಣ ಸಾಧನೆಯಲ್ಲ.

ಸಿನಿಮಾ ಅವರನ್ನು ಕಂಡ ರೀತಿ ಬೇರೆ. ಕಾಶೀನಾಥರ ‘ಅನುಭವ’ (1984) ಹೆಸರು ತಂದಿತು, ಜೊತೆಗೆ ಒಂದು ಮುದ್ರೆಯನ್ನೂ ಒತ್ತಿತು. ಮುಂದೆ ವರ್ಷಗಟ್ಟಲೆ ಚಿತ್ರರಂಗ ಅವರಿಂದ ದ್ವಂದ್ವಾರ್ಥದ ಹಾಸ್ಯವನ್ನೇ ಹೆಚ್ಚಾಗಿ ಬೇಡಿತು. ಹೊಟ್ಟೆಪಾಡಿಗೆ ದುಡಿದ ನಟಿಯನ್ನು ಇದಕ್ಕಾಗಿ ಹಳಿಯುವುದು ಸುಲಭ. ಆ ಮಾತಿಗೆ ನಕ್ಕ ಪ್ರೇಕ್ಷಕರಾದ ನಮ್ಮ ಪಾಲೆಷ್ಟು ಎಂದು ಕೇಳಿಕೊಳ್ಳುವುದು ಕಷ್ಟ.

ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ (2008) ಆ ಮುದ್ರೆಯನ್ನು ಅಳಿಸಿತು. ವೈದೇಹಿಯವರ ಕಥೆಯಿಂದ ಹೊರಟ ಈ ಚಿತ್ರದ ಗುಲಾಬಿ ಸಿನಿಮಾ ಹುಚ್ಚಿನ ಸೂಲಗಿತ್ತಿ, ಗಂಡ ಬಿಟ್ಟುಹೋದ ಮುಸ್ಲಿಂ ಹೆಂಗಸು. ಹೆರಿಗೆ ಮಾಡಿಸಿದ್ದಕ್ಕೆ ಉಡುಗೊರೆಯಾಗಿ ಬಂದ ಟಿ.ವಿ. ಅವಳ ಗುಡಿಸಲಿಗೆ ಮೀನುಗಾರರ ಕೇರಿಯ ಹೆಂಗಸರನ್ನು ಕರೆತರುತ್ತದೆ. ಕಾರ್ಗಿಲ್ ಯುದ್ಧದ ಸಮಯದ ಅಪನಂಬಿಕೆ ಅದೇ ಕೇರಿಯಿಂದ ಅವಳನ್ನು ಬಲವಂತವಾಗಿ ಹೊರಗಟ್ಟುತ್ತದೆ. ಮುಸ್ಲಿಂ ಪಾತ್ರವೆಂದರೆ ಉರ್ದು ಬೆರೆಸಿದ ಒಡಕು ಕನ್ನಡದ ನಗೆಪಾಟಲು ಎಂದು ಒಗ್ಗಿಹೋಗಿದ್ದ ಕನ್ನಡ ತೆರೆಯಲ್ಲಿ ಉಮಾಶ್ರೀ ಗುಲಾಬಿಯನ್ನು ನೆರೆಮನೆಯ ಹೆಂಗಸಾಗಿಯೇ ನಿಲ್ಲಿಸಿದರು. ಅಯ್ಯೋ ಪಾಪ ಎನ್ನಿಸಿಕೊಳ್ಳಲು ಅವರು ಒಮ್ಮೆಯೂ ಪ್ರಯತ್ನಿಸುವುದಿಲ್ಲ. 2007ನೇ ಸಾಲಿನ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಈ ಪಾತ್ರಕ್ಕೆ ಸಂದಿತು. 2013ರಲ್ಲಿ ತೇರದಾಳದಿಂದ ಶಾಸಕಿಯಾಗಿ, ಕನ್ನಡ ಮತ್ತು ಸಂಸ್ಕೃತಿ ಖಾತೆಯ ಸಚಿವೆಯೂ ಆದ ಅವರು ಕೊನೆಗೆ ಮರಳಿದ್ದು ನಟನೆಗೇ.

ಸಾಕವ್ವ, ಗುಲಾಬಿ, ಪುಟ್ಟಕ್ಕ ಮೂವರೂ ದುಡಿದು ಬದುಕುವ ಹೆಂಗಸರು. ವ್ಯತ್ಯಾಸ ಇರುವುದು ಮಾಧ್ಯಮ ಕೊಟ್ಟ ಅವಕಾಶದಲ್ಲಿ. ರಂಗ ಸಾಕವ್ವನಿಗೆ ಸಿಟ್ಟನ್ನು ಕೊಟ್ಟಿತು, ಸಿನಿಮಾ ಗುಲಾಬಿಗೆ ಮೌನವನ್ನು ಕೊಟ್ಟಿತು. ದಿನಕ್ಕೊಂದು ಕಂತು ತುಂಬಿಸಬೇಕಾದ ಧಾರಾವಾಹಿ ಎರಡನ್ನೂ ತಾಳಿಕೊಳ್ಳದು. ಪುಟ್ಟಕ್ಕ ಸುಮ್ಮನೆ ನಿಂತಳೆಂದರೆ ಹಿನ್ನೆಲೆ ಸಂಗೀತ ಮೇಲೇಳುತ್ತದೆ. ಸಿಟ್ಟಾದಳೆಂದರೆ ಮುಂದಿನ ಕಂತಿನಲ್ಲಿ ಕಣ್ಣೀರಾಗುತ್ತಾಳೆ. ಹಾಗಿದ್ದೂ ಊಟ ಬಡಿಸುವ ಕೈಯಲ್ಲಿ, ಸೆರಗಿನಿಂದ ಬೆವರೊರೆಸುವ ರೀತಿಯಲ್ಲಿ ಹಳೆಯ ರಂಗನಟಿ ಇಣುಕುತ್ತಾರೆ.

ಧಾರಾವಾಹಿಯನ್ನು ಹಗುರವಾಗಿ ಕಾಣುವ ವಿಮರ್ಶೆಯೊಂದಿಗೆ ನಮ್ಮ ತಕರಾರಿರುವುದು ಇಲ್ಲೇ. 2023ರಲ್ಲಿ ಮೆಟ್ರೊ ಕಾಡುಗೋಡಿಗೆ ಬಂತು ನಿಜ. ಆದರೆ ಮನೆಗೆಲಸ ಮುಗಿಸಿ ಬಂದ ಹೆಂಗಸು ಸಂಜೆ ರವೀಂದ್ರ ಕಲಾಕ್ಷೇತ್ರಕ್ಕೆ ಹೋಗಿ ನಾಟಕ ನೋಡುವುದು ಇವತ್ತಿಗೂ ದೂರದ ಮಾತು. ಅವಳ ಪಾಲಿಗೆ ಟಿ.ವಿ.ಯೇ ರಂಗಮಂದಿರ. ಅವಳಿಗೆ ತಲುಪುವುದು ಇದೊಂದೇ ಎಂದಾದರೆ ಅದು ಚೆನ್ನಾಗಿರಲಿ ಎಂದು ಜಗಳವಾಡುವುದೂ ವಿಮರ್ಶೆಯ ಕೆಲಸವೇ. ಸಾಕವ್ವನ ಸಿಟ್ಟು ಪುಟ್ಟಕ್ಕನಿಗೂ ಸಿಗಲಿ, ಅದನ್ನು ನೋಡಬಲ್ಲ ಪ್ರೇಕ್ಷಕರು ಕಾಡುಗೋಡಿಯಲ್ಲಿದ್ದಾರೆ.