ಲಿರ್ಕ್: ಹಿಡಿಯಲು ಬಲ್ಲದು, ಓದಿ ಹೇಳದು

ರಿಮೋಟಿನ ಸಂಕೇತವನ್ನು ಕಂಪ್ಯೂಟರಿನಲ್ಲಿ ಹಿಡಿಯಬೇಕೆಂದರೆ ಲಿನಕ್ಸ್ ಬಳಸುವವರಿಗೆ ಮೊದಲು ನೆನಪಾಗುವುದು ಲಿರ್ಕ್. ಅದರೊಂದಿಗೆ ಬರುವ ಮೋಡ್2 ಎಂಬ ಪುಟ್ಟ ಪ್ರೋಗ್ರಾಂ ನನಗೆ ಅಚ್ಚುಮೆಚ್ಚು. ಕೆನಡಾದ ಎಟೋಬಿಕೋದ ನಮ್ಮ ಮನೆಯಲ್ಲಿ ರಾಸ್ಪ್‌ಬೆರಿ ಪೈಗೆ ಮೂರು ಕಾಲಿನ ಟಿಎಸ್‌ಒಪಿ ರಿಸೀವರ್ ಜೋಡಿಸಿ ಟಿವಿ ರಿಮೋಟ್ ಒತ್ತಿದರೆ ಪರದೆಯ ಮೇಲೆ ಪಲ್ಸ್, ಸ್ಪೇಸ್ ಎಂಬ ಎರಡೇ ಪದಗಳು, ಪಕ್ಕದಲ್ಲಿ ಅಂಕಿಗಳು, ಸಾಲುಸಾಲಾಗಿ ಇಳಿಯುತ್ತವೆ. ಮೊದಲು 9 ಮಿಲಿಸೆಕೆಂಡಿನ ಪಲ್ಸ್, ಆಮೇಲೆ 4.5ರ ಬಿಡುವು. ಇದು ಎನ್‌ಇಸಿ ಪದ್ಧತಿ ಎಂದು ಅಲ್ಲೇ ಗೊತ್ತಾಗುತ್ತದೆ. ಮುಂದಿನ ಪಲ್ಸ್‌ಗಳೆಲ್ಲ ಸುಮಾರು 560 ಮೈಕ್ರೋಸೆಕೆಂಡ್. ಹಿಂದೆಯೇ ಬರುವ ಬಿಡುವು ಅಷ್ಟೇ ಇದ್ದರೆ ಸೊನ್ನೆ, ಮೂರು ಪಟ್ಟಿದ್ದರೆ ಒಂದು. ಹೀಗೆ 32 ಬಿಟ್. ಗುಂಡಿಯ ಸಂಖ್ಯೆಯ ಬೆನ್ನಿಗೇ ಅದರ ಪ್ರತಿ ಬಿಟ್ಟನ್ನೂ ಮಗುಚಿದ ರೂಪ ಬರುವುದರಿಂದ ತಪ್ಪು ಓದಿದರೆ ತಕ್ಷಣ ಸಿಕ್ಕಿಬೀಳುತ್ತದೆ. ಪೆನ್ನು ಕಾಗದ ಹಿಡಿದು ಕೂತರೆ ಯಾರಾದರೂ ಓದಬಹುದು. ಸಂಕೇತವನ್ನು ಹೊತ್ತು ತರುವ ಮೂಲ ಮಿಡಿತ 36 ಕಿಲೋಹರ್ಟ್ಸೋ 38 ಕಿಲೋಹರ್ಟ್ಸೋ ಎನ್ನುವುದು ಮಾತ್ರ ಇಲ್ಲಿ ತಿಳಿಯದು, ರಿಸೀವರ್ ಅದನ್ನು ಮೊದಲೇ ಸೋಸಿಬಿಟ್ಟಿರುತ್ತದೆ.

ಲಿರ್ಕ್‌ನದೇ ಇನ್ನೊಂದು ಪ್ರೋಗ್ರಾಂ ಐಆರ್‌ರೆಕಾರ್ಡ್ ಬಗ್ಗೆ ಇಷ್ಟು ಒಳ್ಳೆಯ ಮಾತು ಹೇಳಲಾರೆ. ಗುಂಡಿಗಳನ್ನು ಒಂದೊಂದಾಗಿ ಒತ್ತಿಸಿಕೊಂಡು ಅದು ತಾನೇ ಫೈಲ್ ಬರೆಯುತ್ತದೆ, ಟಿವಿಗೆ ಸಾಕು. ಆದರೆ ಇಲ್ಲಿಯ ಚಳಿಗಾಲದಲ್ಲಿ ಬೇಕಾಗುವುದು ಹೀಟ್ ಪಂಪು. ಊರಿಂದ ಬಂದ ಅಮ್ಮನಿಗೆ ಅದರ ರಿಮೋಟಿನ ಸಣ್ಣ ಅಕ್ಷರ ಕಾಣುವುದಿಲ್ಲ, ಎರಡು ದೊಡ್ಡ ಗುಂಡಿ ಮಾಡಿಕೊಡೋಣವೆಂದು ಹೊರಟೆ. ಇಂಥ ರಿಮೋಟ್ 'ಒಂದು ಡಿಗ್ರಿ ಏರಿಸು' ಎಂದು ಹೇಳುವುದೇ ಇಲ್ಲ. ಒತ್ತಿದಾಗಲೆಲ್ಲ ಉಷ್ಣತೆ, ಮೋಡ್, ಫ್ಯಾನಿನ ವೇಗ ಎಲ್ಲವನ್ನೂ ಒಟ್ಟಿಗೆ ಕಳಿಸುತ್ತದೆ. 22ರಲ್ಲಿದ್ದಾಗ ರೆಕಾರ್ಡ್ ಮಾಡಿದ್ದನ್ನು ಎಷ್ಟು ಸಲ ಬಿಟ್ಟರೂ 22 ಎಂದೇ ಹೇಳುತ್ತದೆ. ಐಆರ್‌ರೆಕಾರ್ಡ್ ಕಚ್ಚಾ ಅಳತೆಗಳನ್ನು ಉಳಿಸಿಕೊಡಬಹುದು, ಅವುಗಳ ಅರ್ಥ ಹುಡುಕುವ ಕೆಲಸ ನಮಗೇ ಬಿಟ್ಟದ್ದು.

ಆ ಕೆಲಸಕ್ಕೆ ಮತ್ತೆ ಮೋಡ್2. ಬೇರೇನನ್ನೂ ಮುಟ್ಟದೆ 21, 22, 23 ಡಿಗ್ರಿಯಲ್ಲಿ ಹಿಡಿದು ಒಂದರ ಕೆಳಗೊಂದು ಬರೆದೆ. ಎರಡೇ ಜಾಗದಲ್ಲಿ ವ್ಯತ್ಯಾಸ: ನಡುವೆ ಉಷ್ಣತೆ, ಕೊನೆಯ ಬೈಟಿನಲ್ಲಿ ಚೆಕ್‌ಸಮ್, ಅಂದರೆ ಸಂದೇಶ ಸರಿಯಿದೆಯೇ ಎಂದು ನೋಡುವ ಲೆಕ್ಕ. ನಾನೇ ಸಂದೇಶ ಕಟ್ಟಿ ಕಳಿಸಿದಾಗ, ಆ ಕೊನೆಯ ಲೆಕ್ಕ ತಪ್ಪಿದ್ದರೆ ಪಂಪು ಸಂದೇಶವನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಈ ವಿಷಯದಲ್ಲಿ ಐಆರ್‌ರಿಮೋಟ್ಇಎಸ್‌ಪಿ8266 ಎಂಬ ಮುಕ್ತ ಲೈಬ್ರರಿ ಲಿರ್ಕ್‌ಗಿಂತ ಬಹಳ ಮುಂದಿದೆ. ಅದಕ್ಕೆ ಹಲವು ಕಂಪನಿಗಳ ಏಸಿ ಪದ್ಧತಿಗಳು ಗೊತ್ತು. ಹಿಡಿದ ಸಂಕೇತದಲ್ಲಿ ಮೋಡ್ ಯಾವುದು, ಉಷ್ಣತೆ ಎಷ್ಟು ಎಂದು ಬಿಡಿಸಿ ಹೇಳುತ್ತದೆ, ಚೆಕ್‌ಸಮ್ ತಾನೇ ಹಾಕುತ್ತದೆ. ಹೀಟ್ ಪಂಪು, ಏಸಿ ಇರುವವರು ಅದರಿಂದಲೇ ಶುರು ಮಾಡಲಿ. ಅದಕ್ಕೂ ಗುರುತು ಸಿಗದ ರಿಮೋಟ್ ನಿಮ್ಮದಾದರೆ ಆಗ ಮೋಡ್2 ತೆರೆಯಿರಿ, ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ.