ಹುಲಿಯ ಹಸಿವು ಪಾಪವೇ?

ನಮ್ಮ ಶಾಲೆಗಳು ಮಕ್ಕಳಿಗೆ ಹುಲಿಯನ್ನು ತೋರಿಸಿದ್ದು 'ಗೋವಿನ ಹಾಡಿ'ನಲ್ಲಿ. ಪುಣ್ಯಕೋಟಿ ಮಾತಿಗೆ ತಪ್ಪಲಿಲ್ಲ, ಸರಿ. ಹಸಿದ ಅರ್ಬುತ ಯಾಕೆ ಸಾಯಬೇಕು? ಮಾಂಸ ತಿನ್ನೋದೇ ಪಾಪ ಅಂತ ಕೇರಿಯ ಕೂಸು ತಲೆ ತಗ್ಗಿಸಬೇಕೆ? ಹುಲಿ ಜಿಂಕೆ, ಕಡವೆ ತಿಂದರೇನೇ ಕಾಡಿನ ಹಸಿರು ಉಳಿಯೋದು. ಈ ಲೆಕ್ಕ ಹಾಡಿನಲ್ಲಿಲ್ಲ.

ಮಕ್ಕಳನ್ನು ಕಬಿನಿ ಹಿನ್ನೀರಿಗೆ ಕರಕೊಂಡು ಹೋಗಿ. ಬೇಸಿಗೆಯಲ್ಲಿ ನೀರು ಸರಿದಲ್ಲಿ ಹುಲ್ಲು ಚಿಗುರುತ್ತದೆ, ಆನೆ ಹಿಂಡು ಇಳಿಯುತ್ತದೆ. ಅಲ್ಲಿ ಪಾಠ ಹೇಳಬೇಕಾದವರು ಜೇನುಕುರುಬರು. ಕಾಡುಪ್ರಾಣಿ ಉಳಿಸುವ ಹೆಸರಲ್ಲಿ ನಾಗರಹೊಳೆಯಿಂದ ಹೊರದಬ್ಬಿಸಿಕೊಂಡವರು. ಅವರ ಹಾಡಿಯ ಕತೆಯಿಲ್ಲದ ಪಾಠ ಅರ್ಧ ಸುಳ್ಳು.

ನೀರಿನ ಮಾತೂ ಇಷ್ಟೇ. ಮಹಾಡದ ಕೆರೆನೀರು ಮುಟ್ಟೋಕೆ 1927ರಲ್ಲಿ ಅಂಬೇಡ್ಕರ್ ಸತ್ಯಾಗ್ರಹ ಹೂಡಬೇಕಾಯಿತು. ನದಿಯ ಉದ್ದ ಕೇಳುವ ಮೇಷ್ಟ್ರು, ಈ ನೀರು ಯಾರಿಗೆ ನಿಷಿದ್ಧವಾಗಿತ್ತು ಅಂತಲೂ ಕೇಳಲಿ.